ಕರಿ ಪರದೆಗೊಂದು ಗುಂಡಿ

ಮಣಲಿಯ ತೈಲ ಶುದ್ಧೀಕರಣ ಘಟಕ, ರಸಗೊಬ್ಬರ ಕಾರ್ಖಾನೆಗಳ ಆಸುಪಾಸಿನ ಒಂದು ಸಣ್ಣ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಲೆಕ್ಕದ ಫೈಲುಗಳ ಬ್ಯಾಕಪ್‌ಗೆಂದು ಹತ್ತು ಸಾಲಿನ ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. ಅದನ್ನು ನಡೆಸಬೇಕಾದವರು ಸ್ಟೋರಿನ ಹಿರಿಯರು, ರಾಯಚೂರು ಕಡೆಯವರು. "ತಮ್ಮಾ, ಈ ಕರೀ ಪರದೆ ನನಗ ಬ್ಯಾಡ" ಎಂದುಬಿಟ್ಟರು.

ಟರ್ಮಿನಲ್‌ನಲ್ಲೇ ಕನ್ನಡದ ಸೂಚನೆ ಹಾಕಿ ನೋಡಿದೆ. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಅದೇ ಸಾಲು ಬ್ರೌಸರಿನಲ್ಲಿ ಸರಿಯಾಗಿ ಮೂಡಿತು. ಸರಿ, ಒಂದು ಎಚ್‌ಟಿಎಂಎಲ್ ಫಾರ್ಮ್, ಅದರ ಹಿಂದೆ ಬ್ಯುಸಿಬಾಕ್ಸ್‌ನ ಪುಟ್ಟ ವೆಬ್ ಸರ್ವರ್. ಗುಂಡಿ ಒತ್ತಿದರೆ ಸಿಜಿಐ ಮೂಲಕ ಸ್ಕ್ರಿಪ್ಟ್ ಓಡುತ್ತದೆ. ಅದು ಎಕೋ ಮಾಡಿದ್ದೇ ಪುಟವಾಗಿ ಕಾಣುತ್ತದೆ. ಸಿಜಿಐ 1993ರ ಉಪಾಯ. ಇಷ್ಟು ಕೆಲಸಕ್ಕೆ ಇಂದಿಗೂ ಸಾಕು.

ಎಡವಿದ್ದು ಬೇರೆ ಕಡೆ. ಬೇಡದ ಫೋಲ್ಡರ್ ಅಳಿಸಲು ಹೆಸರು ತುಂಬುವ ಖಾನೆಯೊಂದನ್ನು ಇಟ್ಟಿದ್ದೆ. ಅವರು 'ಸ್ಟಾಕ್ ಹಳೇದು' ಎಂದು ತುಂಬಿದರು. ಸ್ಕ್ರಿಪ್ಟಿನಲ್ಲಿ ಆ ವೇರಿಯಬಲ್ಲಿನ ಸುತ್ತ ನಾನು ಡಬಲ್ ಕೋಟ್ ಹಾಕಿರಲಿಲ್ಲ. ನಡುವಿನ ಖಾಲಿ ಜಾಗದಲ್ಲಿ ಶೆಲ್ ಅದನ್ನು ಎರಡು ಹೆಸರಾಗಿ ಒಡೆದು, ಈ ವರ್ಷದ 'ಸ್ಟಾಕ್' ಫೋಲ್ಡರನ್ನೇ ಅಳಿಸಿತು. ಹಿಂದಿನ ಸಂಜೆಯ ಬ್ಯಾಕಪ್ ಇತ್ತು, ಬಚಾವಾದೆ. ತಪ್ಪು ಅವರದಲ್ಲ, ನನ್ನದು.

ಈಗ ಕೋಟ್ ಹಾಕಿದ್ದೇನೆ. ಖಾನೆಯ ಬದಲು ಆಯ್ಕೆಪಟ್ಟಿ; ಬಂದ ಹೆಸರು ಪಟ್ಟಿಯಲ್ಲಿದೆಯೇ ಎಂದು ಸ್ಕ್ರಿಪ್ಟೂ ನೋಡುತ್ತದೆ. ಪಕ್ಕದ ಯಂತ್ರದವರು ಗುಂಡಿ ಒತ್ತದಂತೆ ಸರ್ವರನ್ನು 127.0.0.1ಕ್ಕೆ ಕಟ್ಟಿದ್ದೇನೆ. ಹಿರಿಯರಿಗೆ ತೋರಿಸಿದೆ.

"ಬ್ಯಾಕಪ್ ನಾ ಮಾಡ್ತೀನಿ. ಅಳಿಸೂದು ನೀನ ಮಾಡಪಾ" ಎಂದರು.

ಅಂದು ಸಂಜೆಯೇ ಆ ಗುಂಡಿ ತೆಗೆದೆ.