ಹಳೆಯ ಬಿಬಿಸಿ ಗಣಕಕ್ಕೆ ತಕ್ಕ ಟರ್ಮಿನಲ್ ತಂತ್ರಾಂಶ



1984ರಲ್ಲಿ ಭಾರತ ಸರ್ಕಾರವು ಕ್ಲಾಸ್ ಎಂಬ ಯೋಜನೆಯನ್ನು ಆರಂಭಿಸಿ ದೇಶದ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಗಣಕಯಂತ್ರವನ್ನು ಕೊಟ್ಟಿತು. ಇಂಗ್ಲೆಂಡಿನ ಏಕಾರ್ನ್ ಕಂಪನಿಯು 1981ರಲ್ಲಿ ಹೊರತಂದ ಯಂತ್ರವಿದು. ಶಾಲೆಯ ಬೀರುವಿನಲ್ಲಾಗಲಿ, ಹರಾಜಿನಲ್ಲಿ ಕೊಂಡವರ ಅಟ್ಟದಲ್ಲಾಗಲಿ ಇಂಥದೊಂದು ಉಳಿದಿದ್ದರೆ ಗುಜರಿಗೆ ಹಾಕಬೇಡಿರಿ. ಅದರ ಫ್ಲಾಪಿಗಳಲ್ಲಿ ಬೆಲೆಯುಳ್ಳ ಲೆಕ್ಕಗಳಿರಬಹುದು.

ನನಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಊರಿನ ಮಳೆಯ ಲೆಕ್ಕವನ್ನು ಇಂಥ ಫ್ಲಾಪಿಯಲ್ಲಿ ಬರೆದಿಟ್ಟಿದ್ದರು. ಅದನ್ನು ಹೊಸ ಗಣಕಕ್ಕೆ ಇಳಿಸಲು ಹೋಗಿ ನಾನೇ ಮೊದಲು ತಪ್ಪಿದೆ. ಕೈಗೆ ಸಿಕ್ಕ ತಂತ್ರಾಂಶದಿಂದ ಕಳುಹಿಸಿದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಂಡಿತು. ಉಳಿದಿದ್ದ ಒಂದು ಕೈಬರಹದ ಹಾಳೆಯೊಡನೆ ಹೋಲಿಸಿದಾಗ 112 ಮಿಲಿಮೀಟರ್ ಮಳೆ 12 ಆಗಿತ್ತು! ದಾರಿಯಲ್ಲಿ ಒಂದು ಅಂಕೆ ಬಿದ್ದುಹೋಗಿತ್ತು.

ಟರ್ಮಿನಲ್ ಎಂದರೇನು?

ದೂರದ ಗಣಕದೊಡನೆ ತಂತಿಯ ಮೂಲಕ ಮಾತಾಡುವ ಪರದೆ ಮತ್ತು ಕೀಲಿಮಣೆಗೆ ಟರ್ಮಿನಲ್ ಎಂದು ಹೆಸರು. 1978ರಲ್ಲಿ ಬಂದ ವಿಟಿ100 ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ನಮ್ಮ ಗಣಕಕ್ಕೆ ಅದರ ವೇಷ ತೊಡಿಸುವ ತಂತ್ರಾಂಶವೇ ಟರ್ಮಿನಲ್ ಎಮ್ಯುಲೇಟರ್. ಯಾವ ವೇಷ ಬೇಕೆಂಬುದು ಆಚೆ ಬದಿಯ ಗಣಕವನ್ನೂ ನಾವು ಮಾಡಬೇಕಾದ ಕೆಲಸವನ್ನೂ ಅವಲಂಬಿಸಿದೆ. ನೆಲ ನೋಡದೆ ಬೀಜ ಕೊಳ್ಳುವುದುಂಟೇ?

ಆರಿಸುವಾಗ ನೋಡತಕ್ಕ ಅಂಶಗಳು

1. ಕಡತ ಸಾಗಿಸಬೇಕೇ? ಹಾಗಾದರೆ ಕರ್ಮಿಟ್ ಅನ್ನೇ ಆರಿಸಿರಿ. ಇದು 1981ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕ್ರಮ. ಕಡತವನ್ನು ಸಣ್ಣ ಕಂತೆಗಳಾಗಿ ಕಟ್ಟಿ, ಪ್ರತಿ ಕಂತೆಗೂ ಲೆಕ್ಕದ ಗುರುತು ಹಚ್ಚಿ ಕಳುಹಿಸುತ್ತದೆ. ಗುರುತು ತಾಳೆಯಾಗದಿದ್ದರೆ ಆ ಕಂತೆಯನ್ನು ಮತ್ತೆ ತರಿಸುತ್ತದೆ. ಬಿಬಿಸಿ ಯಂತ್ರಕ್ಕಾಗಿ ಇದನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದರು. ಹೊಸ ಗಣಕದಲ್ಲಿಯೂ ಕರ್ಮಿಟ್ ಬಲ್ಲ ತಂತ್ರಾಂಶವಿರಬೇಕು. ಲಿನಕ್ಸ್‌ನಲ್ಲಿ ಸಿ-ಕರ್ಮಿಟ್ ಆಗುತ್ತದೆ.

2. ಪರದೆಯ ಅಗಲವೆಷ್ಟು? ವಿಟಿ100 ಸಾಲಿನಲ್ಲಿ 80 ಅಕ್ಷರಗಳಿರುತ್ತವೆ. ಬಿಬಿಸಿಯ 7ನೆಯ ಪರದೆ ಕ್ರಮದಲ್ಲಿ 40 ಅಕ್ಷರಗಳಷ್ಟೇ. ಚೌಕ ಆವರಣದ ಬದಲು ಬಾಣದ ಗುರುತೂ ಕಾಣುತ್ತದೆ. 3ನೆಯ ಕ್ರಮದಲ್ಲಿ 80 ಅಕ್ಷರ ಹಿಡಿಯುತ್ತವೆ. ಆದರೆ ಯಂತ್ರದ 32 ಕೆಬಿ ನೆನಪಿನಲ್ಲಿ 16 ಕೆಬಿಯನ್ನು ಪರದೆಯೇ ನುಂಗುತ್ತದೆ.

3. ತಂತ್ರಾಂಶ ಎಲ್ಲಿ ಕೂರುತ್ತದೆ? ಈ ಕಾರಣದಿಂದಲೇ ಚಿಪ್ಪಿನಲ್ಲಿ ಬರುವ ತಂತ್ರಾಂಶ ಮೇಲು. ಅದು ನೆನಪಿನ ಜಾಗವನ್ನು ಹೆಚ್ಚು ಕೇಳದು. ಮಾಡೆಲ್ ಬಿ ಯಂತ್ರದಲ್ಲಿ ಇದಕ್ಕೆ ನಾಲ್ಕು ಗೂಡುಗಳಿವೆ. ಬೇಸಿಕ್ ಮತ್ತು ಡಿಸ್ಕ್ ಚಿಪ್ಪುಗಳು ಎರಡನ್ನು ಹಿಡಿಯುತ್ತವೆ.

ದೂರದ ಗಣಕವನ್ನು ನಡೆಸುವುದಷ್ಟೇ ಕೆಲಸವಾದರೆ ಏಕಾರ್ನ್‌ಸಾಫ್ಟ್‌ನ ಟರ್ಮ್ಯುಲೇಟರ್ ಸಾಕು.

ಜೋಡಿಸುವಾಗ ಎಚ್ಚರಿಕೆ

ಮೊದಲು ವಿದ್ಯುತ್ ಪೆಟ್ಟಿಗೆಯ ಹಳೆಯ ಕೆಪಾಸಿಟರುಗಳನ್ನು ತಿಳಿದವರಿಂದ ಪರೀಕ್ಷಿಸಿರಿ, ಹೊಗೆಯಾಡುವುದುಂಟು. ಯುಎಸ್‌ಬಿ ಕೇಬಲ್ ಆರ್‌ಎಸ್-232 ಮಟ್ಟದ್ದಿರಲಿ. ಐದು ಮುಳ್ಳಿನ ಪ್ಲಗ್ಗು ತಲೆಕೆಳಗಾಗಿಯೂ ಕೂರುತ್ತದೆ, ಗುರುತು ಮಾಡಿಟ್ಟುಕೊಳ್ಳಿರಿ. ಫ್ಲಾಪಿಯ ಅಂಚಿನ ಕಚ್ಚಿಗೆ ಕಾಗದ ಅಂಟಿಸಿದರೆ ಅದರ ಮೇಲೆ ತಪ್ಪಿಯೂ ಬರೆಯಲಾಗದು.

ವೇಗಕ್ಕೆ ಆಸೆಪಡಬೇಡಿರಿ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 100 ಕೆಬಿ ಫ್ಲಾಪಿಗೆ ಸುಮಾರು 2 ನಿಮಿಷ, 1200ರಲ್ಲಿ 14 ನಿಮಿಷ ಹಿಡಿದೀತು. ಕರ್ಮಿಟ್‌ನ ತಾಳೆಗೆ ಇನ್ನಷ್ಟು. ತಪ್ಪುಗಳು ಬಂದರೆ ವೇಗ ತಗ್ಗಿಸಿರಿ.

ಮೇಷ್ಟ್ರ ಲೆಕ್ಕವನ್ನು ಎರಡನೆಯ ಸಲ ಕರ್ಮಿಟ್‌ನಿಂದ ಇಳಿಸಿದೆ. 112 ಎಂಬುದು 112 ಆಗಿಯೇ ಬಂದಿತು. ಫ್ಲಾಪಿ ದಿನೇ ದಿನೇ ಸವೆಯುವ ವಸ್ತು. ನಿಮ್ಮಲ್ಲಿದ್ದರೆ ಈ ಬೇಸಿಗೆಯಲ್ಲಿಯೇ ಕೆಲಸ ಮುಗಿಸಿರಿ.