ಮುಸಲ್ಲಾ ಒದ್ದೆ ಮಾಡಿದ ಬೆಕ್ಕಿಗೆ ಏನಾಗಿದೆ?

ಫಜ್ರ್‌ಗೆ ಎದ್ದು ವುಝೂ ಮಾಡಿ ಬಂದು ಮುಸಲ್ಲಾ ಹಾಸುತ್ತೀರಿ. ಘಾಟು ವಾಸನೆ ಮೂಗಿಗೆ ಬಡಿಯುತ್ತದೆ. ಮುಟ್ಟಿ ನೋಡಿದರೆ ಒಂದು ಮೂಲೆ ಒದ್ದೆ. ಹಿತ್ತಲ ಬಾಗಿಲ ಬಳಿ ಮರಳಿನ ಟ್ರೇ ಇಟ್ಟಿದ್ದರೂ ಬೆಕ್ಕು ಇಲ್ಲೇ ಮಾಡಿದೆ. ಸಿಟ್ಟು ಬರುವುದು ಸಹಜ. ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಚೀಲಕ್ಕೆ ಹಾಕಿ ದೂರ ಎಲ್ಲಾದರೂ ಬಿಟ್ಟು ಬನ್ನಿ."

ಬಿಟ್ಟು ಬರುವ ಮೊದಲು ಹಾರನಹಳ್ಳಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ.

ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್‌ಗೆ ಬೆಂಕಿ ಹಾಕಿದ್ದರು. ಸೊಪ್ಪು ಕಟ್ಟುವವರಿಂದ ಜಗಲಿ ತುಂಬಿತ್ತು, ಸೌದೆ ಗಾಡಿಗಳ ಓಡಾಟ ಬೇರೆ. ಕಾಲಿಗೆ ಸಿಗಬಾರದೆಂದು ನಮ್ಮ ಗಂಡು ಬೆಕ್ಕನ್ನು ಒಳಕೋಣೆಯಲ್ಲಿ ಕೂಡಿಹಾಕಿದ್ದೆವು. ಮೊದಲ ದಿನ ಬಚ್ಚಲಿನ ನೆಲದ ಮೇಲೆ ನಾಲ್ಕು ಹನಿ, ಆಮೇಲೆ ಚಾಪೆಯ ಮೇಲೆ, ಕೊನೆಗೆ ಮುಸಲ್ಲಾದ ಮೇಲೆ. ಗದರಿದೆವು, ಎರಡೇಟು ಹಾಕಿದೆವು. ಟ್ರೇಯಲ್ಲಿ ಬಹಳ ಹೊತ್ತು ಕೂತು ಮುಕ್ಕುತ್ತಿದ್ದುದನ್ನು ಕಂಡು ಮಲಬದ್ಧತೆ ಇರಬೇಕೆಂದು ಹರಳೆಣ್ಣೆ ಕುಡಿಸಿದೆವು. ಎರಡನೇ ದಿನ ಊಟ ಬಿಟ್ಟಿತು, ವಾಂತಿ ಮಾಡಿತು. ಮೂರನೇ ದಿನ ಪಶುವೈದ್ಯರ ಬಳಿ ಹೊತ್ತುಕೊಂಡು ಹೋಗುವ ಹೊತ್ತಿಗೆ ಮೈ ತಣ್ಣಗಾಗಿತ್ತು. ಮೂತ್ರನಾಳ ಕಟ್ಟಿಕೊಂಡಿದೆ, ತಡವಾಗಿದೆ ಎಂದರು. ಅದು ಉಳಿಯಲಿಲ್ಲ. ಮೂರು ದಿನ ಅದು ನೋವು ಹೇಳಿಕೊಂಡಿತ್ತು. ನಾವು ಅದನ್ನು ಹಟ ಎಂದುಕೊಂಡಿದ್ದೆವು.

ಮೊದಲು ಕಾಯಿಲೆಯೇ ಎಂದು ನೋಡಿ

ಬೆಕ್ಕು ಸೇಡು ತೀರಿಸಿಕೊಳ್ಳಲು ಮೂತ್ರ ಮಾಡುವುದಿಲ್ಲ. ಟ್ರೇಯಲ್ಲಿ ಕೂತಾಗಲೆಲ್ಲ ಉರಿಯಾದರೆ ಆ ನೋವಿಗೆ ಟ್ರೇಯೇ ಕಾರಣ ಎಂದು ಅದು ತಿಳಿಯುತ್ತದೆ. ಹಾಗಾಗಿ ಮೆತ್ತಗಿನ, ತಣ್ಣಗಿನ ಬೇರೆ ಜಾಗ ಹುಡುಕುತ್ತದೆ. ಮುಸಲ್ಲಾ, ಹಾಸಿಗೆ, ಬಟ್ಟೆಯ ರಾಶಿ, ಬಚ್ಚಲಿನ ನೆಲಕ್ಕೆ ಹೋಗುವುದು ಇದಕ್ಕೇ.

ಮೂತ್ರಕೋಶದ ಉರಿಯೂತ, ಹರಳು, ಸೋಂಕು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ವಯಸ್ಸಾದ ಬೆಕ್ಕಿನ ಕೀಲುನೋವು, ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಪದೇ ಪದೇ ಹೋಗಿ ಹನಿ ಹನಿ ಮಾಡುವುದು, ಮೂತ್ರದಲ್ಲಿ ರಕ್ತ, ಮುಕ್ಕುವಾಗ ಕೂಗುವುದು, ಹಿಂಭಾಗವನ್ನು ಬಿಡದೆ ನೆಕ್ಕುವುದು, ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುವುದು, ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಿ.

ಗಂಡು ಬೆಕ್ಕು ಮುಕ್ಕುತ್ತಿದ್ದು ಮೂತ್ರ ಬರುತ್ತಿಲ್ಲ ಎಂದಾದರೆ ನಾಳೆಗೆ ಮುಂದೂಡಬೇಡಿ. ಗಂಡಿನ ಮೂತ್ರನಾಳ ಬಹಳ ಕಿರಿದು. ಅದು ಪೂರ್ತಿ ಕಟ್ಟಿಕೊಂಡರೆ ವಿಷಾಂಶ ರಕ್ತಕ್ಕೆ ಸೇರಿ, ಪೊಟ್ಯಾಸಿಯಂ ಏರಿ, ಹೃದಯವೇ ನಿಲ್ಲಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಇದು ಮನೆಮದ್ದಿಗೆ ಬಗ್ಗುವುದಿಲ್ಲ. ವೈದ್ಯರು ಕ್ಯಾತಿಟರ್ ಹಾಕಿ ಮೂತ್ರ ಹೊರತೆಗೆಯಬೇಕು. ಪಿರಿಯಾಪಟ್ಟಣ ಅಥವಾ ಹುಣಸೂರಿನ ಪಶು ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಅಲ್ಲಿ ಆಗದಿದ್ದರೆ ಮೈಸೂರಿಗೆ ಹೊರಡಿ. ನೋವು ಕಡಿಮೆಯಾಗಲೆಂದು ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಮೂತ್ರವೋ, ಗುರುತು ಹಾಕುವುದೋ?

ನೆಲದ ಮೇಲೆ ಕುಳಿತು ಕೊಚ್ಚೆ ಮಾಡುವುದು ಒಂದು ಬಗೆ. ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತ, ಗೋಡೆ ಬಾಗಿಲುಗಳ ಮೇಲೆ ಸ್ವಲ್ಪ ಸಿಡಿಸುವುದು ಇನ್ನೊಂದು. ಎರಡನೆಯದು ತನ್ನ ಗಡಿ ಗುರುತಿಸುವ ರೀತಿ. ಬೀಜ ತೆಗೆಸದ ಗಂಡು ಬೆಕ್ಕಿನಲ್ಲಿ ಇದು ಹೆಚ್ಚು. ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳಲ್ಲಿ ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ಬೀದಿಯ ಬೆಕ್ಕು ಕಿಟಕಿಯ ಹೊರಗೆ ಬಂದು ಕೂರುತ್ತಿದ್ದರೆ ಆ ಕಿಟಕಿಗೆ ಪರದೆ ಹಾಕಿ.

ಟ್ರೇ ಸರಿಯಿದೆಯೇ?

ವೈದ್ಯರು ಕಾಯಿಲೆ ಇಲ್ಲ ಎಂದರೆ ಟ್ರೇಯನ್ನು ಬೆಕ್ಕಿನ ಕಣ್ಣಿನಿಂದ ನೋಡಿ.

ಸಂಖ್ಯೆ: ಬೆಕ್ಕುಗಳೆಷ್ಟೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇರಲಿ. ಒಂದೇ ಕಡೆ ಜೋಡಿಸದೆ ಬೇರೆ ಬೇರೆ ಕಡೆ ಇಡಿ.

ಅಳತೆ: ಬೆಕ್ಕಿನ ಮೈಯುದ್ದದ ಒಂದೂವರೆ ಪಟ್ಟು ಇದ್ದರೆ ಒಳ್ಳೆಯದು. ಅಂಗಡಿಯ ಟ್ರೇಯೇ ಬೇಕೆಂದಿಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದರೆ ಮುದಿ ಬೆಕ್ಕೂ ಸುಲಭವಾಗಿ ಹತ್ತುತ್ತದೆ.

ಮರಳು: ನುಣ್ಣಗಿನ, ಪರಿಮಳವಿಲ್ಲದ ಮರಳನ್ನೇ ಬಹುಪಾಲು ಬೆಕ್ಕುಗಳು ಇಷ್ಟಪಡುತ್ತವೆ. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ ಮರಳು ಸಾಕು, ಎರಡು ಮೂರು ಅಂಗುಲ ಆಳ ಇರಲಿ. ಮರಳಿನ ಬಗೆ ಬದಲಿಸುವುದಿದ್ದರೆ ಹಳೆಯದಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಹೊಗೆಸೊಪ್ಪಿನ ಹುಡಿಯನ್ನು ಯಾವ ಕಾರಣಕ್ಕೂ ಹಾಕಬೇಡಿ, ನಿಕೋಟಿನ್ ಬೆಕ್ಕಿಗೆ ವಿಷ.

ಜಾಗ: ಊಟದ ತಟ್ಟೆಯ ಪಕ್ಕ, ವಾಷಿಂಗ್ ಮೆಷಿನ್ನಿನ ಹತ್ತಿರ, ಜನ ಓಡಾಡುವ ದಾರಿಯಲ್ಲಿ ಬೇಡ. ಮೂಲೆ ಶಾಂತವಾಗಿರಲಿ, ಹೊರಗೆ ಓಡಲು ದಾರಿಯೂ ಇರಲಿ.

ಶುಚಿ: ದಿನಕ್ಕೆ ಒಮ್ಮೆಯಾದರೂ ಹೇಲು, ಒದ್ದೆ ಮರಳು ಎರಡನ್ನೂ ತೆಗೆಯಿರಿ. ವಾರಕ್ಕೊಮ್ಮೆ ಮರಳು ಬದಲಿಸಿ, ಟ್ರೇಯನ್ನು ಸೌಮ್ಯ ಸೋಪಿನಿಂದ ತೊಳೆಯಿರಿ. ಕೊಳಕಾದ ಶೌಚಾಲಯಕ್ಕೆ ಹೋಗಲು ನಮಗೆ ಆಗದಂತೆಯೇ ಅದಕ್ಕೂ ಆಗುವುದಿಲ್ಲ.

ಗಾಬರಿಯೂ ಒಂದು ಕಾರಣ

ಮನೆ ತುಂಬ ನೆಂಟರು, ಹೊಸ ಕೂಸು, ಇನ್ನೊಂದು ಬೆಕ್ಕು, ಮದುವೆಯ ಗದ್ದಲ, ಮನೆ ಬದಲಾವಣೆ ಬೆಕ್ಕನ್ನು ಕಂಗೆಡಿಸುತ್ತವೆ. ಸೋಂಕೇ ಇಲ್ಲದೆ ಮೂತ್ರಕೋಶ ಊದಿಕೊಳ್ಳುವ ಕಾಯಿಲೆಗೂ ಗಾಬರಿಗೂ ನಂಟಿದೆ. ಇಂಥ ದಿನಗಳಲ್ಲಿ ಒಂದು ಕೋಣೆಯಲ್ಲಿ ಟ್ರೇ, ನೀರು, ಊಟ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ ಇಡಿ. ಊಟದ ಸಮಯ ತಪ್ಪಿಸಬೇಡಿ. ನೀರನ್ನು ಎರಡು ಮೂರು ಕಡೆ ಇಡಿ. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಮೀನಿನ ನೀರನ್ನು ಊಟಕ್ಕೆ ಬೆರೆಸಿದರೆ ಮೂತ್ರ ತೆಳ್ಳಗಾಗುತ್ತದೆ. ಹೊಡೆಯುವುದು, ಮೂತಿಯನ್ನು ಮೂತ್ರಕ್ಕೆ ಒತ್ತುವುದು ಗಾಬರಿಯನ್ನು ಹೆಚ್ಚಿಸುತ್ತದೆ. ಆಮೇಲೆ ಅದು ಕದ್ದುಮುಚ್ಚಿ ಮಾಡುತ್ತದೆ, ಅಷ್ಟೇ.

ಬಟ್ಟೆ, ನೆಲದ ಶುದ್ಧಿ

ಬೆಕ್ಕಿನ ಎಂಜಲು ನಜಸ್ ಅಲ್ಲ, ಅದು ನಮ್ಮ ನಡುವೆ ಓಡಾಡುವ ಪ್ರಾಣಿ ಎಂಬ ಪ್ರವಾದಿವಚನ ಅಬೂ ಕತಾದ(ರ) ಅವರಿಂದ ವರದಿಯಾಗಿದೆ. ಆದರೆ ಮೂತ್ರದ ವಿಷಯ ಬೇರೆ. ಅದು ನಜಸ್. ತಗುಲಿದ ಬಟ್ಟೆಯನ್ನು, ಮುಸಲ್ಲಾವನ್ನು ತೊಳೆದೇ ನಮಾಝ್ ಮಾಡಬೇಕು. ಎಷ್ಟು ಸಲ, ಹೇಗೆ ಎಂಬುದನ್ನು ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿ ತಿಳಿಯಿರಿ.

ವಾಸನೆ ಉಳಿದರೆ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ. ಮೊದಲು ಒಣ ಬಟ್ಟೆಯಿಂದ ಒತ್ತಿ ಹೀರಿ, ಉಜ್ಜಬೇಡಿ. ನಂತರ ಧಾರಾಳ ನೀರು ಹಾಕಿ ತೊಳೆಯಿರಿ. ಮೂತ್ರದ ಯೂರಿಕ್ ಆಮ್ಲದ ಹರಳುಗಳು ಬರೀ ಸೋಪಿಗೆ ಹೋಗುವುದಿಲ್ಲ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎಂಜೈಮ್ ಕ್ಲೀನರ್ ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಮತ್ತೆ ತೊಳೆದು ಬಿಸಿಲಿಗೆ ಒಣಗಿಸಿ. ಫಿನಾಯಿಲ್ ಬೇಡ, ಅದರಲ್ಲಿರಬಹುದಾದ ಫಿನಾಲ್ ಬೆಕ್ಕಿಗೆ ವಿಷ. ಮೂತ್ರದ ಮೇಲೆ ಬ್ಲೀಚ್ ಸುರಿದರೆ ಕೆಟ್ಟ ಅನಿಲ ಏಳುತ್ತದೆ. ನುಸಿ ಗುಳಿಗೆ ಇಟ್ಟು ಬೆಕ್ಕನ್ನು ಓಡಿಸುವ ಉಪಾಯವೂ ಅಪಾಯಕಾರಿ. ನಮಾಝ್ ಮುಗಿದ ಮೇಲೆ ಮುಸಲ್ಲಾವನ್ನು ಮಡಿಸಿ ಎತ್ತರದಲ್ಲಿಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮನೆಯಲ್ಲಿ ಗರ್ಭಿಣಿಯಿದ್ದರೆ ಟ್ರೇ ಕೆಲಸ ಬೇರೆಯವರು ಮಾಡಲಿ. ಬೆಕ್ಕಿನ ಮಲದಲ್ಲಿರಬಹುದಾದ ಟೊಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊಟ್ಟೆಯ ಮಗುವಿಗೆ ಹಾನಿ ಮಾಡಬಲ್ಲದು. ಅದು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನವೂ ಹೇಲು ತೆಗೆದು ಕೈ ತೊಳೆದರೆ ಭಯ ಬಹಳ ಕಡಿಮೆ.

ಬೆಕ್ಕನ್ನು ಕೂಡಿಹಾಕಿ, ಊಟ ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಗೆ ಶಿಕ್ಷೆಯಾದ ಹದೀಸನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಆ ಹದೀಸು ಗೊತ್ತಿದ್ದ ಮನೆಯಲ್ಲೇ ಒಂದು ಬೆಕ್ಕು ನೋವಿನಲ್ಲಿ ಸತ್ತಿತು. ಮನೆಯೊಳಗೆ ಸಾಕಿದ ಪ್ರಾಣಿಗೆ ನಮ್ಮನ್ನು ಬಿಟ್ಟರೆ ಬೇರೆ ಗತಿಯಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಮುಸಲ್ಲಾ ಒದ್ದೆಯಾಗಿದ್ದರೆ ಕೋಲು ಹುಡುಕಬೇಡಿ. ಮೊದಲು ಬೆಕ್ಕನ್ನು ಹುಡುಕಿ, ಅದು ಸರಿಯಾಗಿ ಮೂತ್ರ ಮಾಡುತ್ತಿದೆಯೇ ಎಂದು ನೋಡಿ. ಮುಸಲ್ಲಾವನ್ನು ಆಮೇಲೆ ತೊಳೆದುಕೊಳ್ಳಬಹುದು.