ಶೆಡ್ಡಿನ ನೆರಳು ಎಲ್ಲಿಯವರೆಗೆ?

ಕೆಲವು ವರ್ಷಗಳ ಹಿಂದಿನ ಮಾತು. ಸ್ಕೂಟರು, ಸೌದೆ, ಹಳೆಯ ಸಾಮಾನು ಇಡಲೆಂದು ಮನೆಯ ಪಕ್ಕದ ಖಾಲಿ ಜಾಗದಲ್ಲಿ ಶೀಟಿನ ಶೆಡ್ ಹಾಕಿಸಿದೆ. ಕಾಂಪೌಂಡಿಗೆ ತಾಗಿಸಿಯೇ ಎಬ್ಬಿಸಿದ್ದೆ. ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಹುಡುಗ ಅಳುಕುತ್ತಲೇ ಹೇಳಿದ: "ಸಾರ್, ನಮ್ಮ ಅಡುಗೆಮನೆಯಲ್ಲಿ ಈಗ ಹಗಲಲ್ಲೂ ಲೈಟ್ ಹಾಕಬೇಕು." ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಅವನಿಗೆ ಪಾಠ ಹೇಳಿದವನು ನಾನೇ!

'ನಮ್ಮ ಜಾಗ, ನಮ್ಮ ದುಡ್ಡು, ಕೇಳುವವರು ಯಾರು?' ಎನ್ನುವುದುಂಟು. ಆದರೆ ಜಾಗಕ್ಕೆ ಗಡಿ ಇರುವಂತೆ ನೆರಳಿಗೆ ಗಡಿ ಇಲ್ಲ. ಮನೆಯ ಸುತ್ತ 'ಸೆಟ್‌ಬ್ಯಾಕ್' ಬಿಡಬೇಕೆಂಬ ನಿಯಮ ಹುಟ್ಟಿದ್ದೇ ಗಾಳಿ ಬೆಳಕಿಗಾಗಿ, ಬೆಂಕಿ ಬಿದ್ದರೆ ಓಡಾಡುವುದಕ್ಕಾಗಿ.

ಸೂರ್ಯನ ಬೆಳಕು ನಮ್ಮಷ್ಟು ಧಾರಾಳವಾಗಿಲ್ಲದ ಇಂಗ್ಲೆಂಡಿನಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟ. ಅಲ್ಲಿ ಸಾಮಾನ್ಯ ಮನೆಯ ಹಿತ್ತಲಲ್ಲಿ ಶೆಡ್ಡನ್ನೋ ಗ್ಯಾರೇಜನ್ನೋ ಪರವಾನಗಿ ಇಲ್ಲದೆಯೇ ಕಟ್ಟಬಹುದು. ಆದರೆ ಷರತ್ತುಗಳಿವೆ. ಅದು ಒಂದೇ ಅಂತಸ್ತಿನದಾಗಿರಬೇಕು, ಮನೆಯ ಮುಂಭಾಗದಲ್ಲಿ ಇರಕೂಡದು. ಇಬ್ಬದಿ ಇಳಿಜಾರಿನ ಚಾವಣಿಯಾದರೆ ಎತ್ತರ 4 ಮೀಟರ್, ಬೇರೆ ಬಗೆಯದಾದರೆ 3 ಮೀಟರ್ ಮೀರಬಾರದು. ಗಡಿಯಿಂದ 2 ಮೀಟರಿನೊಳಗೆ ಕಟ್ಟಿದರೆ ಎರಡೂವರೆ ಮೀಟರಿಗೇ ನಿಲ್ಲಿಸಬೇಕು. ಮೂಲ ಮನೆಯನ್ನು ಬಿಟ್ಟು ಉಳಿದ ನಿವೇಶನದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಕಟ್ಟಡಗಳಿಂದ ತುಂಬಬಾರದು.

ಗಡಿಯ ಹತ್ತಿರ ಎತ್ತರ ಕಡಿಮೆ ಏಕೆ? ವಿದ್ಯಾರ್ಥಿಗಳೇ, ನಿಮ್ಮ ತ್ರಿಕೋನಮಿತಿಯನ್ನೇ ಕೇಳಿ. ಲಂಡನ್ನಿನ ಅಕ್ಷಾಂಶ ಸುಮಾರು 51.5 ಡಿಗ್ರಿ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಲ್ಲೂ ಸೂರ್ಯ ದಿಗಂತದಿಂದ ಏರುವುದು ಬರೀ 15 ಡಿಗ್ರಿ. ಶೆಡ್ಡಿನ ಎತ್ತರವನ್ನು ಟ್ಯಾನ್ 15ರಿಂದ, ಅಂದರೆ 0.268ರಿಂದ ಭಾಗಿಸಿದರೆ ನೆರಳಿನ ಉದ್ದ ಸಿಗುತ್ತದೆ. 4 ಮೀಟರ್ ಶೆಡ್ಡಿಗೆ ಸುಮಾರು 15 ಮೀಟರ್ ನೆರಳು! ಎರಡೂವರೆ ಮೀಟರಿನದಕ್ಕೆ 9 ಮೀಟರಿಗೆ ತುಸು ಹೆಚ್ಚು. ಗಡಿಯ ಹತ್ತಿರ ಎತ್ತರ ತಗ್ಗಿಸಿದರೆ ನೆರೆಮನೆಗೆ ಎಷ್ಟು ಬಿಸಿಲು ಉಳಿಯುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಅದೇ ದಿನ ಇಲ್ಲಿ ಸೂರ್ಯ 53.5 ಡಿಗ್ರಿ ಏರುತ್ತಾನೆ, 4 ಮೀಟರ್ ಶೆಡ್ಡಿನ ನೆರಳು ಸುಮಾರು 3 ಮೀಟರ್ ಮಾತ್ರ. ಹಾಗೆಂದು ಮೈಮರೆಯಬೇಡಿ. ನಮ್ಮ ನಿವೇಶನಗಳು ಚಿಕ್ಕವು. ಪಕ್ಕದ ಮನೆಯ ಕಿಟಕಿ 3 ಮೀಟರಿಗಿಂತ ಹತ್ತಿರವೇ ಇರಬಹುದು. ಶೀಟಿನ ಇಳಿಜಾರು ಅತ್ತ ಇದ್ದರೆ ಮಳೆನೀರೂ ಅವರ ಅಂಗಳಕ್ಕೇ.

ಪೋಷಕರಲ್ಲಿ ಒಂದು ಕೋರಿಕೆ: ಶೆಡ್ ಹಾಕುವ ಮುನ್ನ ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ನಿಯಮ ವಿಚಾರಿಸಿ. ಮಕ್ಕಳಿಗೆ ಒಂದು ಪ್ರಯೋಗ: ಒಂದು ಮೀಟರ್ ಕೋಲು ನೆಟ್ಟು, ಪ್ರತಿ ತಿಂಗಳೂ ನಡುಹಗಲಿನ ನೆರಳು ಅಳೆದು ಬರೆದಿಡಿ. ಶೆಡ್ ಎಷ್ಟು ಎತ್ತರವಿರಬೇಕೆಂದು ಅಪ್ಪನಿಗೆ ನೀವೇ ಹೇಳಬಲ್ಲಿರಿ.

ನನ್ನ ಶೆಡ್ಡೇ? ಬಿಚ್ಚಿಸಿ, ತಗ್ಗಿಸಿ, ಗೋಡೆಯಿಂದ ದೂರಕ್ಕೆ ಹಾಕಿಸಿದೆ. ಖರ್ಚು ಎರಡು ಸಲ ಬಿತ್ತು. ಪಾಠ ಒಂದೇ ಸಲಕ್ಕೆ ಮನದಟ್ಟಾಯಿತು.